ಡಯಾಲಿಸಿಸ್ ಹಾಸಿಗೆಯ ಜರ್ಮನ್

ನಮ್ಮ ಚಿಕ್ಕಪ್ಪನಷ್ಟು ಕೆಟ್ಟದಾಗಿ ಜರ್ಮನ್ ಮಾತನಾಡುವವರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ. ಚೆನ್ನಾಗಿ ಮಾತನಾಡುವವರು ಎಷ್ಟು ಜನರಿದ್ದರು ಎಂದು ನೀವು ಕೇಳಬಹುದು. ನನಗೆ ತಿಳಿದಂತೆ ಅವರೂ ಇರಲಿಲ್ಲ. ಹಾಗೆಂದು ನನ್ನ ಮಾತೇನೂ ಸುಳ್ಳಾಗುವುದಿಲ್ಲ.

ಬದುಕೆಲ್ಲ ಪವರ್‌ಲೂಮ್ ಸದ್ದಿನ ನಡುವೆ ಸೀರೆ ನೇಯ್ದವರು ಅವರು. ಮಗ್ಗದ ಮನೆಯಲ್ಲಿ ಕಿರುಚಿ ಕಿರುಚಿ, ಊಟಕ್ಕೆ ಕೂತು ಉಪ್ಪು ಕೇಳಿದರೆ ಹಿಂದಿನ ಬೀದಿಯವರು ತಂದುಕೊಡಬೇಕು, ಅಂಥ ಗಂಟಲು. ಎರಡೂ ಕಿಡ್ನಿ ಕೈಕೊಟ್ಟ ಮೇಲೂ ಆ ಗಂಟಲು ಮಾತ್ರ ಗಟ್ಟಿಯಾಗಿತ್ತು. ಮಕ್ಕಳಿಲ್ಲದ ಅವರನ್ನು ದಿನ ಬಿಟ್ಟು ದಿನ ಸ್ಕೂಟರ್ ಮೇಲೆ ಕೂರಿಸಿಕೊಂಡು ಡಯಾಲಿಸಿಸ್‌ಗೆ ಕರೆದೊಯ್ಯುವ ಕೆಲಸ ಅಣ್ಣನ ಮಗಳಾದ ನನ್ನ ಪಾಲಿಗೆ ಬಂತು.

ಅದೊಂದು ವಿಚಿತ್ರವಾದ ಕೋಣೆ. ಸಾಲಾಗಿ ಹಾಸಿಗೆ, ಪ್ರತಿ ಹಾಸಿಗೆಗೂ ಒಂದು ಯಂತ್ರ. ಪಕ್ಕದ ಹಾಸಿಗೆಗೆ ಹೊಸಬರು ಬಂದರೆ ಹಳಬರು ಏನಾದರೆಂದು ಯಾರೂ ಕೇಳುವುದಿಲ್ಲ. ಅಲ್ಲಿ ತ್ಯಾಮಗೊಂಡ್ಲು ಕಡೆಯ ನರ್ಸ್ ಹುಡುಗಿಯೊಬ್ಬಳಿದ್ದಳು. ಬಿಡುವಾದಾಗ ಮೂಲೆಯ ಮೇಜಿನ ಹತ್ತಿರ ಕೂತು ಮೊಬೈಲ್‌ನಲ್ಲಿ ಏನನ್ನೋ ನೋಡುತ್ತಿದ್ದಳು, ಅದರೊಳಗಿಂದ ಗಂಡಸೊಬ್ಬನ ಒರಟು ದನಿ ಕೇಳಿಬರುತ್ತಿತ್ತು. ಒಂದು ದಿನ ಚಿಕ್ಕಪ್ಪ ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟರು.

"ಯಾರಮ್ಮ ಅವ್ನು, ಅಷ್ಟೊಂದು ಬೈತಾವ್ನೆ?"

"ಬೈತಿಲ್ಲ ಅಂಕಲ್, ನಿಮ್ಮ ಮನೆ ಎಲ್ಲಿ ಅಂತ ಕೇಳ್ತಿದ್ದಾನೆ. ಜರ್ಮನ್ ಭಾಷೆ ಇದು."

ಜರ್ಮನಿಯಲ್ಲಿ ನರ್ಸ್ ಕೆಲಸ ಸಿಗಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕಂತೆ. ಡ್ಯೂಟಿಯ ನಡುವೆ ಕ್ಲಾಸಿಗೆ ಹೋಗಲು ಪುರುಸೊತ್ತಿಲ್ಲದೆ ಅವಳು ಈ ಪುಟ್ಟ ಪುಟ್ಟ ವಿಡಿಯೋಗಳನ್ನು ನಂಬಿಕೊಂಡಿದ್ದಳು. ಮೊದಲ ಮೆಟ್ಟಿಲು ಎ-ಒನ್, ಆಮೇಲೆ ಎ-ಟು, ಬಿ-ಒನ್, ಹೀಗೆ. ಮೊದಲ ಮೆಟ್ಟಿಲಲ್ಲಿ ಬರೆಯುವುದರಲ್ಲಿ ಪಾಸಾಗಿದ್ದಳು. ಮಾತಿನ ಪರೀಕ್ಷೆಯಲ್ಲಿ ಮಾತ್ರ ಎದುರಿಗೆ ಮನುಷ್ಯ ಕೂತರೆ ಬಾಯಿ ಕಟ್ಟಿಹೋಗಿ ಫೇಲಾಗಿದ್ದಳು.

"ನಾನೇನು ಕೂರಲ್ಲ, ಮಲಗಿರ್ತೀನಿ. ನನ್ನ ಹತ್ರ ಮಾತಾಡು," ಎಂದರು ಚಿಕ್ಕಪ್ಪ.

ಹೀಗೆ ಶುರುವಾಯಿತು. ಒಂದು ಕೈಗೆ ಸೂಜಿ, ಇನ್ನೊಂದು ಕೈಯಲ್ಲಿ ಮೊಬೈಲ್. ಜರ್ಮನ್‌ನಲ್ಲಿ ಮೇಜು ಗಂಡಂತೆ, ದೀಪ ಹೆಣ್ಣಂತೆ, ಹುಡುಗಿ ಮಾತ್ರ ನಪುಂಸಕಲಿಂಗವಂತೆ. ಇದೆಂಥ ಅನ್ಯಾಯ ಎಂದು ನಾನು ರೇಗಿದೆ. ಚಿಕ್ಕಪ್ಪನಿಗೆ ಮಾತ್ರ ಬಹಳ ಹಿಡಿಸಿತು. "ನೀನು ಬಂದ್ರೆ ನಾನು 'ನಮ್ಮ ಹುಡುಗಿ ಬಂತು' ಅಂತೀನೋ, 'ಬಂದಳು' ಅಂತೀನೋ? ಜರ್ಮನಿಯೋರು ನಮ್ಮ ಕಡೆಯೋರೇ ಕಣಮ್ಮ," ಎಂದರು.

ಮನೆಯಲ್ಲಿ ಚಿಕ್ಕಮ್ಮನಿಗೆ ಇದು ದೊಡ್ಡ ತಲೆನೋವಾಯಿತು. ಕಿಡ್ನಿ ಹೋದವರು ನೀರನ್ನು ಅಳೆದು ಕುಡಿಯಬೇಕು. ಚಿಕ್ಕಪ್ಪ ಕನ್ನಡದಲ್ಲಿ ಬೇಡಿ, ಬೈದು, ಸೋತಿದ್ದರು. ಒಂದು ಮಧ್ಯಾಹ್ನ "ಇಷ್ ಮ್ಯೋಷ್ಟೆ ವಾಸ್ಸರ್" ಎಂದು ಶುರುಮಾಡಿದರು. ಕಿಡ್ನಿ ಹೊರಹಾಕದ ವಿಷ ತಲೆಗೇರಿ ಬಡಬಡಿಸುತ್ತಿದ್ದಾರೆಂದು ಹೆದರಿದ ಚಿಕ್ಕಮ್ಮ ಅಳುತ್ತಾ ನನಗೆ ಫೋನ್ ಮಾಡಿದರು. ನಾನು ಓಡಿಬಂದು ನೋಡಿದೆ. ಅಷ್ಟು ಜರ್ಮನ್ ನನ್ನ ಕಿವಿಗೂ ಬಿದ್ದಿತ್ತು. ನೀರು ಕೇಳುತ್ತಿದ್ದಾರೆ ಎಂದೆ. ಚಿಕ್ಕಮ್ಮ ಕಣ್ಣೊರೆಸಿಕೊಂಡು, ಯಾವ ಭಾಷೆಯಲ್ಲಿ ಕೇಳಿದರೂ ಅಷ್ಟೇ ಎಂದು ಒಂದು ಚೂರು ಐಸ್ ಅವರ ಬಾಯಿಗಿಟ್ಟರು.

ಹುಡುಗಿ ಎರಡು ಮೆಟ್ಟಿಲು ದಾಟಿ ಬಿ-ಒನ್‌ಗೆ ಬರುವ ಹೊತ್ತಿಗೆ ಚಿಕ್ಕಪ್ಪ ತುಂಬ ಇಳಿದುಹೋಗಿದ್ದರು. ಆ ಪರೀಕ್ಷೆಯಲ್ಲಿ ಇಬ್ಬರು ಸೇರಿ ಏನಾದರೊಂದು ಯೋಜನೆ ಹಾಕಬೇಕು. ಅಂದಿನ ವಿಡಿಯೋದಲ್ಲಿದ್ದ ವಿಷಯ, ಆಸ್ಪತ್ರೆಯಲ್ಲಿರುವ ಗೆಳೆಯನನ್ನು ನೋಡಲು ಹೋಗುವುದು. ರಕ್ತವೆಲ್ಲ ಕೊಳವೆಯಲ್ಲಿ ಸುತ್ತುತ್ತಿರುವಾಗ ನಮ್ಮ ಚಿಕ್ಕಪ್ಪ, ಪಾಪ ಆ ರೋಗಿಗೆ ಏನು ಒಯ್ಯೋಣ ಎಂದು ಗಂಭೀರವಾಗಿ ಯೋಚಿಸಿದರು. ಕಿತ್ತಳೆ ಎಂದರು. ಡಯಾಲಿಸಿಸ್‌ನವರು ಕಿತ್ತಳೆ ತಿನ್ನಬಾರದು ಎಂದಳು ಹುಡುಗಿ. "ಅವ್ನಿಗೆ ಕಾಲು ಮುರಿದಿರೋದು ಕಣಮ್ಮ, ತಿನ್ಲಿ ಬಿಡು," ಎಂದರು.

ವಾಪಸು ಬರುವಾಗ ಅವರಿಗೆ ಸುಸ್ತಾಗಿ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿದೆ. ಈ ಸ್ಥಿತಿಯಲ್ಲಿ ಇದೆಲ್ಲ ಯಾಕೆ ಬೇಕಿತ್ತು ಚಿಕ್ಕಪ್ಪ ಎಂದು ಕೇಳಿದೆ.

"ನೋಡೋಕೆ ಬರೋರೆಲ್ಲ ಮೂತ್ರ ಹೋಯ್ತಾ, ಕಾಲು ಊದೈತಾ ಅಂತ್ಲೇ ಕೇಳ್ತಾರೆ. ಆ ವಿಡಿಯೋದೋನು ಒಬ್ನೇ, ನಿಂಗೇನು ಇಷ್ಟ, ಭಾನುವಾರ ಏನ್ ಮಾಡ್ತೀಯ ಅಂತ ಕೇಳೋದು."

ನಾನೂ ಬೆಳಿಗ್ಗೆ ಅವರ ಕಾಲನ್ನೇ ಒತ್ತಿ ನೋಡಿದ್ದೆ.

ಹುಡುಗಿ ಪರೀಕ್ಷೆಗೆ ರಜೆ ಹಾಕಿದ ದಿನ ಹೊಸ ನರ್ಸ್ ಒಬ್ಬರು ಸೂಜಿ ಹಾಕಿ ಚಿಕ್ಕಪ್ಪನ ತೋಳೆಲ್ಲ ನೀಲಿಯಾಯಿತು. ಫಲಿತಾಂಶ ಬಂದಾಗ ಅವಳು ಹಾಸಿಗೆಯ ಹತ್ತಿರ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತಳು. ಪಾಸಾಗಿದ್ದಳು. "ಸರಿ, ಇನ್ಮೇಲೆ ನನ್ನ ತೋಳಿನ ಗತಿ ಅಷ್ಟೇ," ಎಂದು ನಕ್ಕರು. ಅವರ ನಗು ನಾನು ಕೇಳಿದ್ದು ಅದೇ ಕೊನೆ. ಆ ವಾರವೇ ಉಸಿರಾಟ ಕೆಟ್ಟಿತು. ಒಂದು ಬೆಳಗಿನ ಜಾವ ಹೃದಯ ನಿಂತಿತು. ಅಷ್ಟು ದೊಡ್ಡ ದನಿಯವರು ಯಾರನ್ನೂ ಕೂಗದೆ ಹೋದರು.

ವೈಕುಂಠ ಸಮಾರಾಧನೆಯ ದಿನ ಹುಡುಗಿ ಬಂದಳು. ನೆಂಟರೆಲ್ಲ ಉಂಡು ಎದ್ದಿದ್ದರು. ಚಿಕ್ಕಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತೇ ಎಂದು ಕೇಳಿದರು.

"ಇಲ್ಲಮ್ಮ, ಒಂದು ವಾಕ್ಯಾನೂ ಸರಿಯಾಗಿ ಬರ್ತಿರಲಿಲ್ಲ. ಆದ್ರೆ ನಾನು ತಡವರಿಸಿದ್ರೆ ಕಾಯೋರು."

ಚಿಕ್ಕಮ್ಮ ತಲೆಯಾಡಿಸಿದರು. ಆಮೇಲೆ, "ಅವ್ರ ವಿಷ್ಯ ಒಂದೆರಡು ಮಾತು ಅದ್ರಲ್ಲೇ ಹೇಳು ಮಗಾ," ಎಂದರು.

ಹುಡುಗಿ ನನ್ನ ಮುಖ ನೋಡಿ, ಸೆರಗು ಹೊದ್ದು ಕೂತಿದ್ದ ಚಿಕ್ಕಮ್ಮನ ಮುಖ ನೋಡಿ, ನಿಧಾನವಾಗಿ ಶುರುಮಾಡಿದಳು. ಎಲ್ಲೂ ತಡವರಿಸಲಿಲ್ಲ. ನಮಗೆ ಒಂದಕ್ಷರ ಅರ್ಥವಾಗಲಿಲ್ಲ. ಅವಳು ನಿಲ್ಲಿಸಿದಾಗ ಚಿಕ್ಕಮ್ಮ ಅವಳ ಕೈಯನ್ನು ತಮ್ಮ ಮಡಿಲಿಗೆಳೆದುಕೊಂಡು ಹೇಳಿದರು:

"ಇನ್ನೊಂದ್ಸಲ ಹೇಳು."