ಅಡುಗೆಮನೆಯವರೆಗೆ ವೈರ್‌ಲೆಸ್

ತಾನೇ ಕೈಯಾರೆ ಕೆಡಿಸಿದ ಯಂತ್ರವೊಂದಕ್ಕಾಗಿ ಒಬ್ಬ ಮನುಷ್ಯ ಸರ್ಕಾರವನ್ನು ಎಷ್ಟು ಹೊತ್ತು ಬೈಯಬಹುದು? ನೀವು ಸಂಕೋಚದ ಸ್ವಭಾವದವರಾದರೆ ಒಂದು ಗಳಿಗೆ ಎನ್ನುತ್ತೀರಿ. ಧಾರಾಳಿಗಳಾದರೆ ಒಂದು ಸಂಜೆ ಎನ್ನುತ್ತೀರಿ. ತಾಂಡೂರಿನ ನಮ್ಮ ಕಾಕಾ ಎರಡು ದಿನ ಬೈದರು! ಬೈದದ್ದು ಸಾಲದೆ, ಅದೇ ವಿಷಯಕ್ಕೆ ನನ್ನಿಂದ ಬಹಿರಂಗ ಭಾಷಣವನ್ನೂ ಮಾಡಿಸಿದರು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಪೀಠಿಕೆ, ಪ್ರತಿಪಾದನೆ, ಸಮಾರೋಪ ಎಂಬ ಕ್ರಮವಿಲ್ಲದೆ ಕುಡಿಯಲು ನೀರು ಕೇಳುವುದೂ ನನಗೆ ಬಾರದು. ನನ್ನ ವಾದವನ್ನು ಒಮ್ಮೆಯೂ ಸಮಾರೋಪದವರೆಗೆ ಕೇಳದ ಮನುಷ್ಯರು ಈ ಜಗತ್ತಿನಲ್ಲಿ ಯಾರಾದರೂ ಇದ್ದರೆ ಅವರು ನಮ್ಮ ತಂದೆಯವರ ಈ ಕಿರಿಯ ತಮ್ಮ.

ಕಾಕಾ ಅವರದು ಊರ ಹೊರಗೆ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ. ಅವರ ಮೈಮೇಲೆ ಸದಾ ತೆಳುವಾದ ಬೂದುಬಣ್ಣದ ಕಲ್ಲಿನ ಪುಡಿ. ಅವರ ಕಿಸೆಯಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಜನ ಕೆಟ್ಟ ಯಂತ್ರಗಳನ್ನು ಬಿಚ್ಚುತ್ತಾರೆ. ಕಾಕಾ ಸರಿಯಿರುವ ಯಂತ್ರಗಳನ್ನು ಬಿಚ್ಚುತ್ತಾರೆ. ಕಾರಣ ಕೇಳಿದರೆ ಉತ್ತರ ಸಿದ್ಧವಾಗಿದೆ. "ಕೆಟ್ಟ ಮ್ಯಾಲ ಬಿಚ್ಚೋದು ಯಾರ್ ಬೇಕಾದ್ರೂ ಮಾಡ್ತಾರ, ತಮ್ಮಾ. ಛಲೋ ಇದ್ದಾಗ ಒಳಗ ಹೆಂಗಿತ್ತು ಅಂತ ನೋಡಿದ್ರಲ್ಲ ಕೆಟ್ಟದ್ದು ಎಲ್ಲಿ ಅಂತ ತಿಳಿಯೋದು?" ಈ ತತ್ತ್ವದ ಪ್ರಕಾರ ಅವರ ಮನೆಯ ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆಗಳೆಲ್ಲ ಮೊದಲು ಸರಿಯಾಗಿದ್ದು, ಬಿಚ್ಚಿಸಿಕೊಂಡು, ಆಮೇಲೆ ಕೆಟ್ಟು, ತಿರುಗಿ ರಿಪೇರಿಯಾದಂಥವು.

ಅವರ ಮನೆಯ ಕರೆಗಂಟೆಯೂ ಲೋಕದ ಕರೆಗಂಟೆಯಲ್ಲ. ಗುಂಡಿಯನ್ನೊತ್ತಿದರೆ ಸದ್ದಾಗುವುದಿಲ್ಲ, ಒಳಗೆ ಕೋಣೆಕೋಣೆಯಲ್ಲೂ ಒಂದೊಂದು ಬಲ್ಬು ಹತ್ತಿ ಆರುತ್ತದೆ. ಗೊತ್ತಿಲ್ಲದ ಅತಿಥಿಗಳು ಗಂಟೆ ಕೆಟ್ಟಿದೆಯೆಂದು ಒತ್ತಿದ್ದನ್ನೇ ಒತ್ತುತ್ತಾರೆ. ಒಳಗೆ ಮನೆಯೆಲ್ಲ ಲಗ್ನದ ಮಂಟಪದಂತೆ ಮಿನುಗುತ್ತದೆ! ಇದು ಮಾತ್ರ ಹುಚ್ಚಾಟವಲ್ಲ. ನಮ್ಮ ಕಾಕಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು.

ಕಾಕಿಯ ತವರು ಕಂಗ್ಟಿ. ಅವರ ಒಬ್ಬಳೇ ತಂಗಿಯೂ ಹಾಗೆಯೇ ಹುಟ್ಟಿದವಳು. ಯಾವ ಶಾಲೆಯೂ ಕಲಿಸದ ಒಂದು ಭಾಷೆಯನ್ನು ಅಕ್ಕತಂಗಿಯರಿಬ್ಬರೂ ಜೋಳದ ಹೊಲದ ಬದುವಿನ ಮೇಲೆ ಕುಳಿತು ಕೈಬೆರಳುಗಳಿಂದಲೇ ಕಟ್ಟಿಕೊಂಡರು. ಅದರಲ್ಲಿ ಎಲ್ಲರಿಗೂ ಹೆಸರುಗಳಿವೆ. ಗಾಳಿಯಲ್ಲಿ ಎರಡು ಬೆರಳು ತಿರುವಿದರೆ ಕಾಕಾ. ಐದು ಬೆರಳುಗಳನ್ನೂ ಬಾಯಿಯ ಮುಂದೆ ತೆರೆದು ಮುಚ್ಚಿ, ತೆರೆದು ಮುಚ್ಚಿ, ಕಡೆಗೆ ಕೈಸೋತು ಕೆಳಗೆ ಬಿಟ್ಟರೆ ನಾನು. ಬಹಳ ಕಾಲ ನಾನು ಅದನ್ನು ಅರಳುವ ಕಮಲವೆಂದು ನಂಬಿಕೊಂಡಿದ್ದೆ.

ತಂಗಿಯನ್ನು ನಾರಾಯಣಖೇಡಕ್ಕೆ ಕೊಟ್ಟಿದ್ದರು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಆಕೆ ಮೊದಲ ಬಾರಿಗೆ ಬಸುರಿಯಾಗಿದ್ದಳು. ದಿನ ತುಂಬುತ್ತ ಬಂದಿತ್ತು. ಬಾಣಂತನಕ್ಕೆ ಹೋಗಲು ಕಾಕಿ ಬಟ್ಟೆಯ ಗಂಟು ಕಟ್ಟಿಟ್ಟ ವಾರವೇ ಹೈದರಾಬಾದ್ ಕಡೆಯ ನಮ್ಮ ಸೀಮೆಗೆ ಪ್ರತ್ಯೇಕ ರಾಜ್ಯ ಬೇಕೆಂಬ ಹೋರಾಟ ಬಿಸಿಯೇರಿತು. ಬಸ್ಸುಗಳು ಡಿಪೋ ಸೇರಿ ನಿಂತವು. ಫೋನು ಕಿವಿಯುಳ್ಳವರ ಸೌಕರ್ಯ. ಆದ್ದರಿಂದ ಅಕ್ಕತಂಗಿಯರಿಗೆ ಉಳಿದದ್ದು ಒಂದೇ ದಾರಿ: ಕಾಕಾ ಹಿಂದಿನ ವರ್ಷ ಹೈದರಾಬಾದಿನಿಂದ ತಂದಿದ್ದ ಹಳೆಯ ಲ್ಯಾಪ್‌ಟಾಪು ಮತ್ತು ಅದಕ್ಕೆ ಗಾಳಿಯಲ್ಲೇ ಇಂಟರ್‌ನೆಟ್ ಒದಗಿಸುವ ವೈರ್‌ಲೆಸ್ ಡಬ್ಬಿ. ದಿನವೂ ಸಂಜೆ ಕಾಕಿ ಲ್ಯಾಪ್‌ಟಾಪನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಪರದೆಯಲ್ಲಿ ಕಾಣುವ ತಂಗಿಯ ಜೊತೆ ಕೈಯಲ್ಲಿ ಮಾತಾಡುತ್ತಿದ್ದರು.

ತೊಂದರೆ ಒಂದೇ. ಡಬ್ಬಿ ಇದ್ದದ್ದು ಮುಂದಿನ ಪಡಸಾಲೆಯಲ್ಲಿ. ಅದರ ಸಂಕೇತ ಅಡುಗೆಮನೆಗೆ ಹೋಗುವಷ್ಟರಲ್ಲಿ ಸೊರಗಿ, ಚಿತ್ರ ನಿಂತು ನಿಂತು ಬರುತ್ತಿತ್ತು. ನಮ್ಮಂಥವರಿಗಾದರೆ ತುಂಡಾದ ಮಾತನ್ನು ಜೋಡಿಸಿಕೊಳ್ಳಬಹುದು. ಅವರಿಗೆ ತಂಗಿಯ ಕೈ ಮೇಲೇಳುವುದು ಕಾಣುತ್ತಿತ್ತು. ಏನು ಹೇಳಿ ಕೆಳಗಿಳಿಯಿತೆಂಬುದು ಕಾಣುತ್ತಿರಲಿಲ್ಲ.

ಆಗ ಯಾರೋ ಕಾಕಾನಿಗೆ, ಕಂಪ್ಯೂಟರಿನ ಒಳಗಿನ ವ್ಯವಸ್ಥೆಯನ್ನೇ ಹೊಸ ಆವೃತ್ತಿಗೆ ಏರಿಸಿದರೆ ಚಿತ್ರ ನೀರಿನಂತೆ ಹರಿಯುತ್ತದೆ ಎಂದು ಹೇಳಿದರು. ಕಾಕಾನಿಗೆ ಅಷ್ಟು ಸಾಕಿತ್ತು. "ಇಡೀ ಮುಲ್ಕೇ ಹೊಸಾ ರಾಜ್ಯ ಬೇಕು ಅಂತ ಕೂತದ. ನಮ್ಮ ಕಂಪ್ಯೂಟರ್ ಏನ್ ಪಾಪ ಮಾಡ್ಯಾದ?" ಎಂದು ಹೊಸ ಆವೃತ್ತಿಯ ಒಂದು ಸಿ.ಡಿ. ತಂದು ಹಾಕಿಯೇಬಿಟ್ಟರು. ಲ್ಯಾಪ್‌ಟಾಪು ಮಧ್ಯಾಹ್ನವೆಲ್ಲ ಗುರುಗುಟ್ಟಿ, ಸಂಜೆಗೆ ಹೊಸ ಬಣ್ಣ, ಹೊಸ ಕಿಟಕಿಗಳೊಂದಿಗೆ ಎದ್ದು ನಿಂತಿತು. ಎಲ್ಲವೂ ಸುಂದರ. ವೈರ್‌ಲೆಸ್ ಮಾತ್ರ ಇಲ್ಲ! ಅದರ ಗುರುತಿನ ಮೇಲೆ ಅಡ್ಡಗೀಟುಗಳ ಕೆಂಪು ಕತ್ತರಿ ಕುಳಿತಿತ್ತು.

ಆ ದಿನಗಳಲ್ಲಿ ನಮ್ಮ ಕಡೆ ಯಾವುದಾದರೂ ನಿಂತರೆ ಅದಕ್ಕೆ ಕಾರಣ ಹುಡುಕುವ ಶ್ರಮವಿರಲಿಲ್ಲ. ಬಸ್ಸಿಲ್ಲವೇ? ಬಂದ್. ಅಂಗಡಿ ಮುಚ್ಚಿದೆಯೇ? ಬಂದ್. ನಲ್ಲಿಯಲ್ಲಿ ನೀರಿಲ್ಲವೇ? ಬಂದ್. ಎಮ್ಮೆ ಹಾಲು ಕಡಿಮೆ ಕೊಟ್ಟರೂ ಜನ ಬಂದ್ ಎಂದೇ ತಿಳಿಯುತ್ತಿದ್ದರು. ಕಾಕಾ ಕೂಡ, ಹೋರಾಟವನ್ನು ಮುರಿಯಲು ಸರ್ಕಾರ ವೈರ್‌ಲೆಸ್ ಕತ್ತರಿಸಿದೆಯೆಂದು ತೀರ್ಮಾನಿಸಿದರು.

ನಾನು ಬಶೀರಾಬಾದಿನಲ್ಲಿ ಮಾಸ್ತರನಾಗಿದ್ದೆ. ಕಾಕಾ ಫೋನು ಮಾಡಿ, "ನಿನ್ನ ಭಾಷಣಕ್ಕ ಇವತ್ತು ಕೆಲಸ ಬಂದದ, ಲಗೂನ ಬಾ" ಎಂದರು. ಜೀವಮಾನದಲ್ಲಿ ಮೊದಲ ಬಾರಿಗೆ ಕಾಕಾ ನನ್ನ ಭಾಷಣವನ್ನು ಬಯಸಿದ್ದರು! ರಸ್ತೆ ತಡೆಗಳನ್ನು ತಪ್ಪಿಸುತ್ತ ಮೋಟಾರ್ ಸೈಕಲ್ಲಿನಲ್ಲಿ ಓಡಿಬಂದೆ. ಅವರು ನನ್ನನ್ನು ನೇರ ಚೌಕದಲ್ಲಿದ್ದ ಉಪವಾಸ ನಿರತರ ಡೇರೆಗೆ ಕರೆದೊಯ್ದರು.

"ಬಸ್ ಬಂದ್ ಮಾಡ್ರಿ, ದುಕಾನ ಬಂದ್ ಮಾಡ್ರಿ, ನಾ ಬ್ಯಾಡ ಅಂದೇನೇನು?" ಎಂದು ಕಾಕಾ ಅಲ್ಲಿದ್ದ ಹಿರಿಯ ನಾಯಕರನ್ನು ಕೇಳಿದರು. "ನಮ್ಮ ಮನಿ ವೈರ್‌ಲೆಸ್ ಯಾಕ ಬಂದ್ ಆತು? ಅಲ್ಲಿ ಹಡಿಯೋ ಹೆಂಗಸು ಅಕ್ಕನ ದಾರಿ ನೋಡಾಕತ್ಯಾಳ."

"ನಾವಲ್ರೀ ಸಾವಕಾರ್ರ, ಅದು ಸರ್ಕಾರದ ಕಾರಸ್ತಾನ," ಎಂದರು ನಾಯಕರು.

ಡೇರೆಯ ನೆರಳಿನಲ್ಲೇ ಬಂದೋಬಸ್ತಿಗೆ ನಿಂತಿದ್ದ ಕಾನ್‌ಸ್ಟೇಬಲ್ ತಲೆಯಾಡಿಸಿದರು. "ನಮಗ ಅಂಥಾ ಆರ್ಡರ್ ಬಂದಿಲ್ರಿ. ಇವ್ರೇ ಏನರ ಮಾಡಿರಬೇಕು ನೋಡ್ರಿ."

ಇಂಥ ಸಂದರ್ಭದಲ್ಲಿ ಚರ್ಚಾಪಟುವೊಬ್ಬ ಸುಮ್ಮನಿರುವುದುಂಟೇ? ಮೈಕು ನನ್ನ ಕೈಗೆ ಬಂತು. ಸಂಪರ್ಕವೆಂಬುದು ಉಸಿರಿನಷ್ಟೇ ಸಹಜವಾದ ಹಕ್ಕೆಂದು ಆರಂಭಿಸಿ, ನಾಗರಿಕ ಪ್ರಭುತ್ವವೊಂದರ ಕರ್ತವ್ಯಗಳನ್ನು ವಿವರಿಸಿ, ವೈರ್‌ಲೆಸ್ ಕತ್ತರಿಸಿದ ಕೈಗಳನ್ನು ಇತಿಹಾಸ ಕ್ಷಮಿಸದೆಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಖಂಡನಾ ನಿರ್ಣಯ ಅಂಗೀಕಾರವಾಯಿತು. ಕಾನ್‌ಸ್ಟೇಬಲ್ ಕೂಡ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಕಾಕಾ ಅವರ ಪಕ್ಕದ ಮನೆಯ ಬ್ಯಾಂಕ್ ಗುಮಾಸ್ತರು ಗುಂಪನ್ನು ಸೀಳಿಕೊಂಡು ಬಂದು, "ಏನ್ರಿ ಇದು, ವೈರ್‌ಲೆಸ್ ಎಲ್ಲಿ ಬಂದ್ ಆಗ್ಯಾದ್ರಿ?" ಎಂದು ಗಟ್ಟಿಯಾಗಿ ಕೇಳಿದರು. "ಮುಂಜಾನಿಂದ ನಮ್ಮ ಮನ್ಯಾಗ ನಿಮ್ಮ ವೈರ್‌ಲೆಸ್ ಮ್ಯಾಲೇ ಕ್ರಿಕೆಟ್ ಸ್ಕೋರ್ ನೋಡಾಕತ್ತೀನಲ್ಲ!"

ಗಾಳಿಗೆ ಬೀಗ ಹಾಕುವುದು ಸಣ್ಣತನವೆಂದು ನಂಬಿದ ಕಾಕಾ ತಮ್ಮ ವೈರ್‌ಲೆಸ್ಸಿನ ಗುಪ್ತಪದವನ್ನು ಓಣಿಗೆಲ್ಲ ಹಂಚಿದ್ದರು. ಓಣಿಗೆಲ್ಲ ಬರುತ್ತಿದ್ದ ಕಾಕಾನ ವೈರ್‌ಲೆಸ್ ಕಾಕಾ ಒಬ್ಬರಿಗೇ ಬರುತ್ತಿರಲಿಲ್ಲ! ಅವರು ನಾಯಕರ ಕಡೆ ತಿರುಗಿ ಗಂಭೀರವಾಗಿ, "ನಿರ್ಣಯ ಇರ್ಲಿ ಬಿಡ್ರಿ, ಮುಂದ ಕೆಲಸಕ್ಕ ಬರ್ತದ," ಎಂದು ನನ್ನನ್ನೆಳೆದುಕೊಂಡು ಹೊರಟರು.

ಮನೆಗೆ ಬಂದು ನೋಡಿದರೆ ವಿಷಯ ಸರಳವಾಗಿತ್ತು. ಲ್ಯಾಪ್‌ಟಾಪಿನೊಳಗಿನ ವೈರ್‌ಲೆಸ್ ಭಾಗಕ್ಕೂ ಹೊಸ ವ್ಯವಸ್ಥೆಗೂ ಪರಿಚಯವೇ ಆಗಿರಲಿಲ್ಲ. ಪರಿಚಯ ಮಾಡಿಸುವ ಚಿಕ್ಕ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದು ಹಳೆಯ ವ್ಯವಸ್ಥೆಯದೇ ಉಳಿದಿತ್ತು. ಹೀಗೆಂದು ನಾನು ವಿವರಿಸಿದಾಗ ಕಾಕಾ, "ಇದರ ಡ್ರೈವರೂ ಹರತಾಳಕ್ಕ ಹೋಗ್ಯಾನೇನು?" ಎಂದರು. ಹೊಸ ಡ್ರೈವರ್ ಸಿಗುವುದು ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ ಬರಬೇಕಾದರೆ ಡ್ರೈವರ್ ಬೇಕು. ರಿಪೇರಿಯವರು ಜಹೀರಾಬಾದಿನಲ್ಲಿದ್ದರು, ಬಸ್ಸಿಲ್ಲ.

ಆಗ ನನ್ನ ಬುದ್ಧಿ ಕೆಲಸ ಮಾಡಿತು. ಡಬ್ಬಿಯ ಜೊತೆಯಲ್ಲೇ ಬಂದಿದ್ದ ಗಿಡ್ಡ ತಂತಿಯನ್ನು ಹುಡುಕಿ, ಒಂದು ತುದಿಯನ್ನು ಡಬ್ಬಿಗೂ ಇನ್ನೊಂದನ್ನು ಲ್ಯಾಪ್‌ಟಾಪಿಗೂ ಸಿಕ್ಕಿಸಿದೆ. ಇಂಟರ್‌ನೆಟ್ ಬಂತು! ಕಾಕಿಯನ್ನು ಪಡಸಾಲೆಗೆ ಕರೆದು ಕುರ್ಚಿಯ ಮೇಲೆ ಕೂರಿಸಿದೆವು. ಗುಮಾಸ್ತರು, ಕಾರ್ಖಾನೆಯ ಇಬ್ಬರು ಕೆಲಸಗಾರರು, ನಾನು, ಕಾಕಾ ಸುತ್ತ ನಿಂತೆವು. ಪರದೆಯಲ್ಲಿ ತಂಗಿ ಕಾಣಿಸಿದಳು. ಮುಖ ಬಾಡಿತ್ತು. ಅವಳ ಕೈಗಳು ಆತುರಾತುರವಾಗಿ ಏನನ್ನೋ ಕೇಳಿದವು. ಕಾಕಿ ನಮ್ಮೆಲ್ಲರ ಮುಖ ನೋಡಿ, ಸೆರಗು ಸರಿಪಡಿಸಿಕೊಂಡು, ಊಟವಾಯಿತೇ ಎಂಬ ಸನ್ನೆಯೊಂದನ್ನು ಮಾಡಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋದರು.

"ನೋಡಿದಿರಾ, ಎಲ್ಲ ಸುಸೂತ್ರ!" ಎಂದೆ ನಾನು.

ಕಾಕಾ ತಂತಿಯನ್ನೂ ಲ್ಯಾಪ್‌ಟಾಪನ್ನೂ ನೋಡಿ, "ಇದು ಆಗಿಲ್ಲ," ಎಂದರು. "ಡ್ರೈವರ್ ಇಳಿಸ್ಕೊ. ಆಮ್ಯಾಲ ಈ ತಂತಿ ತೆಗಿ."

ತಂತಿಯ ಪರವಾಗಿ ನಾನು ಸುವ್ಯವಸ್ಥಿತವಾದ ವಾದವೊಂದನ್ನು ಮಂಡಿಸಿದೆ. ತಂತಿಯ ಸಂಪರ್ಕ ಸ್ಥಿರ. ತಂತಿಯಲ್ಲಿ ಚಿತ್ರ ಸ್ಪಷ್ಟ. ತಂತಿ ಈಗಾಗಲೇ ಕೈಯಲ್ಲಿದೆ. ಅಡುಗೆಮನೆಗೆ ಮುಟ್ಟುವ ಉದ್ದ ತಂತಿ ಬೇಕೆಂದರೆ ಅಂಗಡಿ ಬಂದ್. ಇಷ್ಟಿದ್ದೂ ಪಡಸಾಲೆಯಲ್ಲಿ ಕೂರಲು ಅಡ್ಡಿಯೇನು?

"ನಿನ್ನ ಮಾತು ಮುಗೀತೇನು?"

"ಸಮಾರೋಪ ಬಾಕಿ ಇದೆ, ಕಾಕಾ."

"ಅದು ಬಾಕೀನೇ ಇರ್ಲಿ."

ಲ್ಯಾಪ್‌ಟಾಪನ್ನು ತಿರುವಿಹಾಕಿ, ಬೆನ್ನಿಗಂಟಿದ್ದ ಕಲ್ಲಿನ ಪುಡಿ ಒರೆಸಿ, ಅದರ ಮಾದರಿಯ ಹೆಸರನ್ನು ಓದಿದೆವು. ಮೊದಲು ಇಳಿಸಿದ ಡ್ರೈವರ್ ಅದರ ದಾಯಾದಿ ಮಾದರಿಯದು. ಹಾಕಿದ ಕೂಡಲೇ ಪರದೆ ಕಪ್ಪಾಗಿ ನಮ್ಮಿಬ್ಬರ ಮುಖಗಳನ್ನು ನಮಗೇ ತೋರಿಸಿತು. ಮತ್ತೆ ಎಬ್ಬಿಸಿ, ಹಳೆಯದನ್ನು ಬೇರುಸಹಿತ ಕಿತ್ತು, ಸರಿಯಾದದ್ದನ್ನು ಹಾಕಿ, ಆರಿಸಿ ಹಚ್ಚಿದೆವು. ಕೆಂಪು ಕತ್ತರಿ ಮಾಯವಾಯಿತು! ಕಾಕಾ ತಂತಿಯನ್ನು ಕಿತ್ತು, ಲ್ಯಾಪ್‌ಟಾಪನ್ನು ತುಂಬಿದ ಕೊಡದಂತೆ ಎತ್ತಿಕೊಂಡು ಅಡುಗೆಮನೆಯತ್ತ ನಡೆದರು. ಪಡಸಾಲೆಯಲ್ಲಿ ಪರದೆಯ ಮೂಲೆ ತುಂಬಿದ್ದ ಸಂಕೇತದ ಗೀಟುಗಳು ಹೊಸ್ತಿಲಲ್ಲಿ ಅರ್ಧವಾದವು. ಹಿಟ್ಟಿನ ಡಬ್ಬಿಯ ಬಳಿ ಒಂದೇ ಉಳಿಯಿತು. ಚಿತ್ರ ಮೊದಲಿನಂತೆಯೇ ನಿಂತು ನಿಂತು ಬಂತು. ಒಳಗಿನ ವ್ಯವಸ್ಥೆಯನ್ನು ಬದಲಿಸಿದ್ದೆವು. ನಡುವಿನ ಗೋಡೆ ಇದ್ದಲ್ಲೇ ಇತ್ತು.

ಕಾಕಾ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದರು. ಅದು ಅಜ್ಜನ ಕಾಲದ ದಪ್ಪ ಕಲ್ಲುಗೋಡೆ. ನಡುವೆ ದೀಪವಿಡುವ ಒಂದು ಗೂಡು. ಗೂಡಿನ ಬೆನ್ನಿಗೆ ಒಂದೇ ಒಂದು ತೆಳು ಫರ್ಸಿಕಲ್ಲು, ಅದರಾಚೆ ಅಡುಗೆಮನೆ. ಅವರು ಹೋಗಿ ಉಳಿ ಸುತ್ತಿಗೆ ತಂದರು.

"ಕಂಪ್ಯೂಟರ್ ಕೆಟ್ರ ಮನಿ ಕೆಡವ್ತಾರೇನ್ರಿ ಯಾರರ?" ಎಂದರು ಗುಮಾಸ್ತರು.

"ಗೋಡಿ ನಂದು, ಸುತ್ತಿಗಿ ನಂದು. ನಿಮಗ ಸ್ಕೋರ್ ಬರೋದು ನಿಲ್ಲಂಗಿಲ್ಲ, ಸುಮ್ಮ ಕೂಡ್ರಿ," ಎಂದು ಕಾಕಾ ಉಳಿಗೆ ಪೆಟ್ಟು ಹಾಕಿದರು. ಸುತ್ತಲಿನ ಗಾರೆ ಉದುರಿ ಕಲ್ಲು ಇಡಿಯಾಗಿ ಕೈಗೆ ಬಂತು. ಡಬ್ಬಿಗೆ ಇಂಟರ್‌ನೆಟ್ ತರುವ ಟೆಲಿಫೋನ್ ತಂತಿ ಆ ಗೂಡಿನವರೆಗೆ ಎಟುಕಿತು. ವೈರ್‌ಲೆಸ್ ಡಬ್ಬಿ ಗೂಡಿನಲ್ಲಿ ಕುಳಿತಿತು. ಅಡುಗೆಮನೆಯಲ್ಲಿ ಗೀಟುಗಳೆಲ್ಲ ತುಂಬಿದವು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕಾಕಾ ಒಳಗಿನಿಂದ ಹಳೆಯ ಚಾದರವೊಂದನ್ನು ತಂದು, ಅಡುಗೆಮನೆಯ ಬದಿಗೆ ಹೋಗಿ, ತಾವೇ ಮಾಡಿದ ಆ ಕಿಂಡಿಗೆ ಮೊಳೆ ಹೊಡೆದು ಪರದೆ ಕಟ್ಟಿದರು!

"ಕಿಂಡಿ ಮಾಡಿ ಮತ್ತ ತಾವೇ ಪರದಾ ಹಾಕ್ಯಾರ!" ಎಂದು ಗುಮಾಸ್ತರು ನಕ್ಕರು. ಕೆಲಸಗಾರರು ನಕ್ಕರು. ನಾನೂ ನಕ್ಕೆ. ಕಾಕಾ ಅವರನ್ನೆಲ್ಲ ಚಹಾದ ನೆಪ ಹೇಳಿ ಹೊರಗೆ ಸಾಗಹಾಕಿದರು. ಆಮೇಲೆ ಬಂದು ತಮ್ಮ ಕುರ್ಚಿಯನ್ನು ಅಡುಗೆಮನೆಗೆ ಬೆನ್ನು ಮಾಡಿ ಇಟ್ಟರು. ನನ್ನ ಕುರ್ಚಿಯನ್ನೂ, ನಾನು ಅದರಲ್ಲಿ ಕುಳಿತಿರುವಾಗಲೇ, ಹಿಡಿದು ತಿರುಗಿಸಿದರು.

"ಇದೇನು ಕಾಕಾ?"

ಅವರು ಹೊರಗಿನ ಬೀದಿಯನ್ನೇ ನೋಡುತ್ತ ಹೇಳಿದರು. "ನಾವು ಗುಟ್ಟಿನ ಮಾತಿದ್ರ ದನಿ ಸಣ್ಣದ ಮಾಡ್ತೀವಿ, ತಮ್ಮಾ. ಆಕಿ ಕೈ ಹೆಂಗ ಸಣ್ಣದ ಮಾಡಬೇಕು? ಅಲ್ಲಿ ತಂಗಿಗಿ ಏನ್ ತಕಲೀಫ್ ಅದನೋ, ಏನ್ ಅಂಜಿಕಿ ಅದನೋ. ಇಷ್ಟು ಮಂದಿ ಗಂಡಸರ ಮುಂದ ಕೇಳಾಕ ಬರ್ತದೇನು? ಆಕಿ ಮಾತಾಡೋದು ನಿಂತು ನೋಡಿದ್ರ, ಬಾಗಿಲಿಗಿ ಕಿವಿ ಹಚ್ಚಿ ಕೂತಂಗ."

ಹಿಂದಿನಿಂದ ಕಾಕಿಯ ಬಳೆಗಳ ಸದ್ದು ಬರತೊಡಗಿತು. ಅದು ಬೇಗ ಬೇಗ ಬಂತು, ತಡೆದು ಬಂತು, ಬಹಳ ಹೊತ್ತು ನಿಂತು ತಿರುಗಿ ಮೆಲ್ಲಗೆ ಬಂತು. ಅವರಿಗೆ ಎಂದೂ ಕೇಳಿಸದ ಅವರದೇ ಮಾತಿನ ಸದ್ದನ್ನು ನಾವಿಬ್ಬರೂ ಬೀದಿ ನೋಡುತ್ತ ಕೇಳಿಸಿಕೊಂಡೆವು. ಮುಂದಿನ ವಾರ ನಾರಾಯಣಖೇಡದಲ್ಲಿ ಹೆಣ್ಣುಮಗು ಹುಟ್ಟಿತು. ತಂಗಿ ಅದನ್ನು ಎತ್ತಿ ತೋರಿಸಿದಾಗ ಅಡುಗೆಮನೆಯಲ್ಲಿ ಕಾಕಿ ಒಬ್ಬರೇ ಇದ್ದರು. ಆಮೇಲೆ ಅವರೇ ಬಂದು ನಮ್ಮನ್ನು ಕರೆದರು.

ಓದುಗರಲ್ಲಿ ನನ್ನದೊಂದು ವಿನಂತಿ. ಬಸ್ ನಿಲ್ದಾಣದಲ್ಲೋ, ಸಂತೆಯಲ್ಲೋ, ನಿಮ್ಮ ಮನೆಯಲ್ಲೇ ಆಗಲಿ, ಇಬ್ಬರು ಕೈಗಳಿಂದ ಮಾತಾಡುತ್ತಿರುವುದು ಕಂಡರೆ ನಿಂತು ನೋಡಬೇಡಿ. ದಯವಿಟ್ಟು ಮುಖವನ್ನು ಆಚೆ ತಿರುಗಿಸಿ. ಅವರ ಮಾತು ಮುಗಿಯಲಿ.