ನಾನು ನೆಲಕ್ಕೆ ಕಿವಿ ಇಟ್ಟ ಪ್ರಸಂಗ

ಬಾಣಾವರದ ಸುತ್ತಮುತ್ತ ಕೊಬ್ಬರಿ ಪರೀಕ್ಷೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅಟ್ಟದ ಮೇಲಿನ ಕಾಯನ್ನು ಕಿವಿ ಹತ್ತಿರ ಹಿಡಿದು ಒಮ್ಮೆ ಕುಲುಕಿದರೆ ಸಾಕು, ಒಳಗೆ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತೇನೆ. ಹೀಗಿರುವಾಗ ಭೂಮಿ ಯಾವ ಲೆಕ್ಕ!

ಕಾಯಿ ಒಣಗಿಸುವ ನಮ್ಮ ಹಳೇ ಕೊಬ್ಬರಿ ಮನೆ, ಯಾವುದೋ ಕಾಲದಲ್ಲಿ ಮಣ್ಣು ತುಂಬಿ ಮುಚ್ಚಿದ ನೀರಿನ ಕಟ್ಟೆಯ ಮೇಲೆ ನಿಂತು ಗೋಡೆಯೆಲ್ಲ ಬಿರುಕು ಬಿಟ್ಟಿತ್ತು. "ಹೊಸದು ಕಟ್ಟೋ ಜಾಗದ ಕೆಳಗೆ ಕಲ್ಲೈತೋ ಕೆಸರೈತೋ ನೋಡ್ದೆ ಪಾಯ ತೋಡಿದ್ರೆ, ನಾನು ತವರಿಗೆ ಹೊರಟೆ ಅಂತ್ಲೇ ತಿಳ್ಕಳಿ" ಎಂದಿದ್ದಳು ಹೆಂಡತಿ ಗೌರ. ಹಳೇಬೀಡಿನ ಕಡೆ ನೆಲ ಪರೀಕ್ಷೆಗೆ ಹೊರಟಿದ್ದ ಭೂವಿಜ್ಞಾನಿ ಮೇಡಂ ಒಬ್ಬರು ನಮ್ಮ ನೆಂಟರೊಬ್ಬರ ಮಾತಿಗೆ ಕಟ್ಟುಬಿದ್ದು ಒಂದು ಮಧ್ಯಾಹ್ನದ ಮಟ್ಟಿಗೆ ನಮ್ಮ ತೋಟಕ್ಕೆ ಬಂದರು.

ಅವರು ಪುಟ್ಟ ಪುಟ್ಟ ಯಂತ್ರಗಳನ್ನು ಸಾಲಾಗಿ ನೆಲಕ್ಕೆ ಚುಚ್ಚಿದರು. "ಈ ಕಬ್ಬಿಣದ ಹಲಗೆ ಮೇಲೆ ಸುತ್ತಿಗೆಯಲ್ಲಿ ಹೊಡೆದರೆ ಅಲೆಗಳು ನೆಲದ ಮೈ ಹಿಡಿದೇ ಹರಿಯುತ್ತವೆ. ಮೆತ್ತನೆ ಮಣ್ಣಲ್ಲಿ ನಿಧಾನ, ಗಟ್ಟಿ ನೆಲದಲ್ಲಿ ಜೋರು. ಆ ವೇಗ ಹಿಡಿದು ಕೆಳಗೇನಿದೆ ಅಂತ ಚಿತ್ರ ಬಿಡಿಸ್ತೀವಿ" ಎಂದರು.

"ಅಯ್ಯೋ, ಇದು ನಮ್ಮ ಕೊಬ್ಬರಿ ವಿದ್ಯೆ ಅಲ್ವೇ! ಕೊಡಿ ಇಲ್ಲಿ ಸುತ್ತಿಗೆ!"

"ಸೊಂಟ ಹಿಡ್ಕಂಡ್ರೆ ನಾನು ಎಣ್ಣೆ ತಿಕ್ಕಕಿಲ್ಲ" ಎಂದಳು ಗೌರ.

ತೋಟದಾಚೆಯ ಹಳಿಯ ಮೇಲೆ ನೆಲ ನಡುಗಿಸುತ್ತ ಬಂದ ರೈಲು ದಾಟಿಹೋಗುವವರೆಗೆ ಕಾದು ಹೊಡೆದೆ. ದಣ್! ಮೇಡಂ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಪೆಟ್ಟಿನ ಹಿಂದೆಯೇ ಏನೋ ದಪದಪ ಬಂದಿದೆ. ಇನ್ನೊಮ್ಮೆ." ಮತ್ತೆ ಹೊಡೆದೆ. ಮತ್ತೆ ದಪದಪ! ಕರು ಕಟ್ಟಿಸಿದೆ, ಪಂಪು ನಿಲ್ಲಿಸಿದೆ. ಪಕ್ಕದ ತೋಟದಲ್ಲಿ ಕಾಯಿ ಕೆಡವುತ್ತಿದ್ದ ಗೆಳೆಯ ಸಿದ್ದಪ್ಪನನ್ನು ಮರದ ಮೇಲೆಯೇ ತಡೆದೆ. "ಇನ್ನೂ ಎಷ್ಟೊತ್ಲಾ, ಇರುವೆ ಕಚ್ತಾವೆ!" ಎಂದು ಅವನು ಮೇಲಿಂದ ಕೂಗಿದ. ದಪದಪ ಮಾತ್ರ ನಿಲ್ಲಲಿಲ್ಲ.

ಹೊತ್ತು ಇಳಿಯುತ್ತಿತ್ತು. ಮೇಡಂ ಹೊರಡುವ ಸಮಯವಾಯಿತು. ಗೌರಳ ಬಾಡಿದ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

"ರೀ, ಹೊಡೆದ ತಕ್ಷಣ ಎಲ್ಲಿಗೆ ಓಡ್ತೀರಿ?" ಎಂದಳು ಅವಳು ಇದ್ದಕ್ಕಿದ್ದಂತೆ.

"ಯಂತ್ರದ ಸಾಲಿನ ಆ ತುದಿಗೆ ಕಣೇ. ನೆಲಕ್ಕೆ ಕಿವಿ ಇಟ್ಟು ಕೇಳ್ಬೇಡ್ವೇ? ಕೇಳ್ದೆ ಒಳಗೇನೈತೆ ಅಂತ ಹೆಂಗೆ ಗೊತ್ತಾಗುತ್ತೆ?"

ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಯಂತ್ರಗಳು ಅಷ್ಟು ಹೊತ್ತೂ ಶ್ರದ್ಧೆಯಿಂದ ದಾಖಲಿಸಿದ್ದು ನನ್ನ ಓಟವನ್ನು!

ನನ್ನನ್ನು ಸಕಲ ಮರ್ಯಾದೆಗಳೊಂದಿಗೆ ದೂರದ ಬೇವಿನ ಬುಡದಲ್ಲಿ ಕೂರಿಸಲಾಯಿತು. ಗೌರ ಸೆರಗು ಸಿಕ್ಕಿಸಿ ಸುತ್ತಿಗೆ ಎತ್ತಿದಳು. ದಣ್! ಪರದೆಯ ಮೇಲೆ ಅಲೆಗಳು ಅಚ್ಚುಕಟ್ಟಾಗಿ ಮೂಡಿದವು. ಇನ್ನೂ ನಾಲ್ಕು ಪೆಟ್ಟಾದ ಮೇಲೆ ಮೇಡಂ ನಕ್ಕರು. "ಸ್ವಲ್ಪ ಕೆಳಗೇ ಗಟ್ಟಿ ಬಂಡೆ ಇದೆಯಮ್ಮ. ಧೈರ್ಯವಾಗಿ ಕಟ್ಟಿ." ಖುಷಿಗೆ ನಾನು ಎದ್ದೆ.

"ಕೂತ್ಕಳ್ರೀ!" ಎಂದು ಗೌರ ಗದರಿದಳು.

ಈಗ ಹೊಸ ಕೊಬ್ಬರಿ ಮನೆ ಎದ್ದಿದೆ, ಹುಡುಕಿದರೂ ಬಿರುಕಿಲ್ಲ. ಬಂದವರಿಗೆಲ್ಲ ಗೌರ ಹೇಳುತ್ತಾಳೆ: "ಇದು ನಿಂತಿರೋದು ನಮ್ಮೆಜಮಾನ್ರು ಒಂದ್ಗಳಿಗೆ ಸುಮ್ನೆ ಕೂತಿದ್ದಕ್ಕೇ ಕಣ್ರೀ!" ನಾನು ವಿನಯದಿಂದ ಕೈ ಮುಗಿಯುತ್ತೇನೆ, ಕೂತಲ್ಲಿಂದಲೇ.