ನಾಲ್ಕು ಗಿರಾಕಿ, ನಾಲ್ಕು ಟಯರು

ನನ್ನ ಸೋದರಮಾವನಿಗೆ ಹೆಣ್ಣು ನೋಡಿ ಒಪ್ಪಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಸಾಕಾಗಿತ್ತಂತೆ. ಜೀಪಿಗೆ ಟಯರು ನೋಡಿ ಒಪ್ಪಲು ಮಾತ್ರ ಇಡೀ ಬೇಸಿಗೆ ಬೇಕಾಯಿತು! ಇದು ನಾನು ಹೊಸೆದ ಮಾತಲ್ಲ. ಮುಂಬಯಿಯ ಸಯನ್ನಿನ ಮನೆಯ ಅಡುಗೆಕೋಣೆಯಿಂದ ಅತ್ತೆ ದಿನಾ ಹೊರಡಿಸುತ್ತಿದ್ದ ಪ್ರಕಟಣೆ.

ಮುಂಬಯಿಯಲ್ಲಿ ಬಸ್ಸಿದೆ, ಲೋಕಲ್ ರೈಲಿದೆ, ಟ್ಯಾಕ್ಸಿ ಇದೆ. ಕಾಡುಮೇಡು ಹತ್ತುವ ಟಯರು ಯಾವ ಪುಣ್ಯಾತ್ಮನಿಗೆ ಬೇಕು? ಬೇಕಿತ್ತು. ಬೈಕುಲ್ಲಾದಲ್ಲಿ ಮಾವನದೊಂದು ಪುಟ್ಟ ಹೋಟೆಲಿತ್ತು. ಆ ಹಳೇ ಕಟ್ಟಡವನ್ನು ಕೆಡವುವ ಮಾತು ನಡೆದಿತ್ತು. ಹಾಗಾಗಿ ಅವರ ಮುಂದಿನ ಬದುಕೆಲ್ಲ ಕಾಂದಿವಲಿಯ ಒಂದು ಬಣ್ಣದ ಕಾರ್ಖಾನೆಯ ಕ್ಯಾಂಟೀನಿನ ಗುತ್ತಿಗೆಯ ಮೇಲೆ ನಿಂತಿತ್ತು. ಬಣ್ಣದ ಕಾರ್ಖಾನೆಯಾದ್ದರಿಂದ ಅಲ್ಲಿ ಒಲೆ ಹಚ್ಚುವಂತಿಲ್ಲ. ಅಡುಗೆ ಬೈಕುಲ್ಲಾದಲ್ಲೇ ಆಗಿ ಅಲ್ಲಿಗೆ ಹೋಗಬೇಕು. ಹೆದ್ದಾರಿ ಬಿಟ್ಟ ಮೇಲೆ ಕಾರ್ಖಾನೆಗೆ ಇಳಿಯುವ ದಾರಿಯೋ, ಮಳೆಗಾಲದಲ್ಲಿ ಬೆಣ್ಣೆ ಸವರಿದ ಜಾರುಬಂಡೆ! ಟ್ಯಾಕ್ಸಿಯವರು ಅದನ್ನು ಕಂಡರೆ ಕೈಮುಗಿದು ಹಿಂದಿರುಗುತ್ತಿದ್ದರು. ಈ ಮಳೆಗಾಲದಲ್ಲಿ ಒಂದು ದಿನ ಊಟ ತಪ್ಪಿದರೂ ಕ್ಯಾಂಟೀನು ಬೇರೆಯವರಿಗೆ ಎಂದು ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಮಾವ ಮಿಲಿಟರಿ ಹರಾಜಿನಲ್ಲಿ ಒಂದು ಜೀಪು ಹಿಡಿದರು. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವ ಜೀಪು. ಟಯರುಗಳು ಮಾತ್ರ ನನ್ನ ಅಜ್ಜನ ತಲೆಯಂತೆ ನುಣ್ಣಗಿದ್ದವು.

ಇಲ್ಲಿಂದ ಶುರುವಾಯಿತು ನೋಡಿ ಪರೀಕ್ಷೆ! ಮಾವ ಟಯರನ್ನು ತೆಂಗಿನಕಾಯಿಯಂತೆ ಬೆರಳಿನಿಂದ ಬಡಿದು ಕಿವಿಗೊಡುತ್ತಿದ್ದರು. ಬದನೆಕಾಯಿಯಂತೆ ಉಗುರು ಚುಚ್ಚುತ್ತಿದ್ದರು. ಒಮ್ಮೆ ಮೂಸಿ, "ಇದು ಹಳಸಿದೆ ಮಾರಾಯ" ಎಂದು ತಿರಸ್ಕರಿಸಿದ್ದೂ ಉಂಟು.

ಇಷ್ಟರಲ್ಲೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯಬೇಕಿರಲಿಲ್ಲ. ಹೋಟೆಲಿದ್ದ ಓಣಿಯಲ್ಲಿ ಟಯರಿನ ಅಂಗಡಿಗಳು ನಾಲ್ಕು. ನಾಲ್ವರು ಮಾಲೀಕರೂ ಬೆಳಗಾದರೆ ಮಾವನ ಹೋಟೆಲಿನಲ್ಲೇ ದೋಸೆ ತಿನ್ನುವವರು. ಒಬ್ಬರಲ್ಲಿ ಕೊಂಡರೆ ಉಳಿದ ಮೂವರು ಮುಖ ಊದಿಸಿಕೊಂಡು ಎದುರಿನ ಇರಾನಿ ಹೋಟೆಲಿನಲ್ಲಿ ಕೂರುವುದಿಲ್ಲವೇ? ಮಾವ ಬಹಳ ಯೋಚಿಸಿ, ಒಬ್ಬೊಬ್ಬರಲ್ಲಿ ಒಂದೊಂದು ಟಯರು ಕೊಂಡರು!

ಒಂದು ಟ್ರ್ಯಾಕ್ಟರಿನ ತಮ್ಮನಂತೆ ಎತ್ತರ. ಒಂದಕ್ಕೆ ಹಲಸಿನ ಹಣ್ಣಿನ ಮುಳ್ಳು. ಒಂದು ಮರುಭೂಮಿಯ ಮರಳಿಗೆಂದು ಮಾಡಿದ್ದು. ಇನ್ನೊಂದಕ್ಕೆ ಸವೆದ ಗೆರೆಗಳನ್ನು ಯಾರೋ ಚಾಕುವಿನಿಂದ ಮತ್ತೆ ಕೊರೆದಿದ್ದರು. ನಾನು ಆಗಷ್ಟೇ ಊರಲ್ಲಿ ಬಿ.ಎಸ್ಸಿ. ಮುಗಿಸಿ ಮಾವನ ಮನೆ ಸೇರಿದವನು, ಸುಮ್ಮನಿರಲು ಸಾಧ್ಯವೇ?

"ಮಾವ, ನಾಲ್ಕರ ಸುತ್ತಳತೆ ಬೇರೆ ಬೇರೆ. ನಾಲ್ಕೂ ಒಟ್ಟಿಗೆ ತಿರುಗಬೇಕಾದಾಗ ಒಂದಕ್ಕೊಂದು ಜಗಳವಾಡ್ತವೆ."

"ನಿಂಗೆ ಎಂತ ಗೊತ್ತುಂಟು? ನಮ್ಮ ಅಡುಗೆಕೋಣೆಯಲ್ಲಿ ನಾಲ್ಕು ಭಟ್ರು ನಾಲ್ಕು ಥರ ಇಲ್ವಾ? ಸಾಂಬಾರು ಆಗುದಿಲ್ವಾ?"

ಇದಕ್ಕೆ ಯಾವ ಭೌತಶಾಸ್ತ್ರದಲ್ಲಿ ಉತ್ತರವಿದೆ ಹೇಳಿ!

ಟಯರು ಕೂರಿಸಿದ ಬಿಜಾಪುರದ ಸಾಬರು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಏನ್ರೀ ಶೇಟ್ರ, ನಾಲ್ಕು ಕಾಲು ನಾಲ್ಕು ಊರಿಂದ ಕೂಡಿಸ್ಕೊಂಡು ಬಂದೀರಿ? ಗಾಡಿ ಯಾವ ಊರಿಗೆ ಹೋಗ್ಬೇಕು?" ಎಂದು ಕೇಳಿದರು. ಮಾವ ಅವರಿಗೊಂದು ಮಸಾಲೆದೋಸೆ ಕೊಡಿಸಿ ಬಾಯಿ ಮುಚ್ಚಿಸಿದರು.

ಮಳೆ ಹಿಡಿಯಿತು. ಮೊದಲ ದಿನದ ಊಟದೊಂದಿಗೆ ನಾನೂ ಹೊರಟೆ. ಹಿಂಬದಿಯಲ್ಲಿ ಅನ್ನ, ಪಲ್ಯ, ಸಾಂಬಾರಿನ ದೊಡ್ಡ ಡಬರಿಗಳು, ಅವುಗಳ ನಡುವೆ ನಾನು. ಜೀಪು ಕುಂಟುವ ಒಂಟೆಯಂತೆ ಸಾಗಿತು. ಪಕ್ಕಕ್ಕೆ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಅಹೋ ಅಣ್ಣಾ, ಕಾರ್ ಹೈ ಕಿ ಘೋಡಾ?" ಎಂದು ಕೂಗಿದ. ಮಾವ ಗಂಭೀರವಾಗಿ ಕೈಬೀಸಿದರು!

ಕಾಂದಿವಲಿಯ ಇಳಿಜಾರಿನ ತಲೆಯಲ್ಲಿ ಮಾವ "ಈಗ ನೋಡು!" ಎಂದು ನಾಲ್ಕೂ ಗಾಲಿಗೆ ಬಲ ಕೊಡುವ ಸನ್ನೆಕೋಲು ಎಳೆದರು. ನಾನು ನೋಡಿದೆ. ಇಂದಿಗೂ ನೋಡುತ್ತಲೇ ಇದ್ದೇನೆ. ಕಣ್ಣು ಮುಚ್ಚಿದರೆ ಸಾಕು, ಆ ಜೀಪು ಮತ್ತೆ ಅಡ್ಡಡ್ಡ ಜಾರುತ್ತದೆ. ಎತ್ತರದ ಟಯರು ಮುಂದೆ ಎಳೆಯಿತು, ಮುಳ್ಳಿನದು ನೆಲ ಕಚ್ಚಿತು, ಮರಳಿನದು ತೇಲಿತು, ಕೊರೆದದ್ದು ಸುಮ್ಮನೆ ಬಿಟ್ಟುಕೊಟ್ಟಿತು. ದಾರಿಯ ಪಕ್ಕದಲ್ಲೇ ಕಲ್ಲು ತೆಗೆದ ಆಳವಾದ ಗುಂಡಿ, ಅದರ ತುಂಬ ಕೆಂಪು ನೀರು. ಜೀಪಿನ ಹಿಂಭಾಗ ಗುಂಡಿಯ ಅಂಚು ದಾಟಿ ನಿಂತಿತು. ಒಂದು ಗಾಲಿ ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿತ್ತು. ನನ್ನ ಬೆನ್ನ ಹಿಂದೆ ಏನೂ ಇರಲಿಲ್ಲ. ಹೊಗೆಯಾಡುವ ಡಬರಿಗಳು ಒಂದೊಂದಾಗಿ ನನ್ನ ಕಡೆಗೆ ಜಾರುತ್ತಿದ್ದವು. ಪ್ರತಿ ಸಲವೂ ಜೀಪು ಇನ್ನಷ್ಟು ಹಿಂದಕ್ಕೆ ವಾಲುತ್ತಿತ್ತು.

ಮಾವ ಹೊರಗೆ ಹಾರಿ ತಾವೊಬ್ಬರೇ ಪಾರಾಗಬಹುದಿತ್ತು. ಆದರೆ ಜೀಪಿನ ಮುಂಬದಿಗಿದ್ದ ಭಾರ ಅವರೊಬ್ಬರೇ. ಅವರು ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ.

"ಡಬರಿ ಬಿಸಾಡು!"

"ಮಾವ, ಸಾಂಬಾರು..."

"ಸಾಂಬಾರಿಗೆ ಬೆಂಕಿ ಬೀಳ್ಲಿ! ಬಿಸಾಡು ಅಂದೆ!"

ಡಬರಿಗಳನ್ನು ಕಾಲಿನಿಂದ ಒದ್ದೆ. ಒಂದು ಕಾರ್ಖಾನೆಯ ಮಧ್ಯಾಹ್ನದ ಊಟ ದಡಬಡನೆ ಗುಂಡಿಗೆ ಬಿತ್ತು. ಜೀಪಿನ ಮೂತಿ ಕೆಳಗಿಳಿಯಿತು. ನಾನು ಅಂಬೆಗಾಲಿಡುತ್ತ ಮುಂದೆ ಬಂದೆ. ಕೈಗೆಟುಕಿದ ಕೂಡಲೇ ಮಾವ ನನ್ನ ಅಂಗಿಯ ಕಾಲರು ಹಿಡಿದು, ತಮ್ಮೊಂದಿಗೆ ಕೆಸರಿಗೆ ಎಳೆದುಕೊಂಡರು.

ಕಾರ್ಖಾನೆಯ ಸೈರನ್ನು ಊಟದ ಹೊತ್ತಾಯಿತೆಂದು ಕೂಗಿತು. ಜೀಪು ಅಂಚಿಗೇ ಅಂಟಿಕೊಂಡಿತ್ತು.

"ಮಾವ, ಕ್ಯಾಂಟೀನು ಹೋಯ್ತಲ್ಲ?"

"ಹೋಗ್ಲಿ" ಎಂದರು. ಮುಖದ ಕೆಸರು ಒರೆಸಿಕೊಂಡು, "ಊರಲ್ಲಿ ಅಕ್ಕನಿಗೆ ನಾನು ಎಂತ ಹೇಳ್ಬೇಕಿತ್ತು ಮಾರಾಯ?" ಎಂದರು.

ಕಾಲರಿನ ಮೇಲಿನ ಕೈ ಮಾತ್ರ ಸಡಿಲವಾಗಲಿಲ್ಲ. ಕಾಂದಿವಲಿ ಸ್ಟೇಷನ್ನಿಗೆ ಹಾಗೇ ನಡೆಸಿಕೊಂಡು ಬಂದರು. ಲೋಕಲ್ಲಿನ ನೂಕುನುಗ್ಗಲಿನಲ್ಲೂ ಬಿಡಲಿಲ್ಲ. ಕೆಸರು ಮೆತ್ತಿದ ನಮ್ಮಿಬ್ಬರನ್ನು ಜನ ದುರುಗುಟ್ಟಿ ನೋಡತೊಡಗಿದರು. ಕೊನೆಗೆ ನನ್ನನ್ನು ಜೇಬುಗಳ್ಳನೆಂದು ತಿಳಿದು, ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದವನೊಬ್ಬ, "ಕ್ಯಾ ಸೇಠ್, ಪಾಕೀಟ್‌ಮಾರ್ ಪಕಡಾ ಕ್ಯಾ?" ಎಂದು ಕೇಳಿದ.

ಮಾವ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು, "ಭಾನ್ಜಾ ಹೈ" ಎಂದರು. ಅಕ್ಕನ ಮಗ. "ಮೇರಾ ಭಾನ್ಜಾ ಹೈ."

ದಾದರ್‌ನಲ್ಲಿ ಗಾಡಿ ಬದಲಿಸುವಾಗಲೂ ಕಾಲರು ಬಿಡಲಿಲ್ಲ.